ಉಪ್ಪುನೀರಿನ ಅಕ್ವೇರಿಯಂ: ಮೀನಿಗೆ ಅವಸರ ಬೇಡ

ಕಿತ್ತಳೆ ಬಣ್ಣದ ಕ್ಲೌನ್ ಮೀನು ಬೇಕೆಂದು ಮಕ್ಕಳು ಹಠ ಹಿಡಿದಿದ್ದಾರೆಯೇ? ಹಾಗಾದರೆ ತೊಟ್ಟಿ ತಂದ ದಿನವೇ ಮೀನನ್ನೂ ತರಬೇಡಿ. ಹೊಸ ತೊಟ್ಟಿಯಲ್ಲಿ ಮೀನುಗಳನ್ನು ಹೆಚ್ಚಾಗಿ ಕೊಲ್ಲುವುದು ಅವು ತಾವೇ ಹೊರಹಾಕುವ ಅಮೋನಿಯಾ. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿಯೇ ಕಾಣುತ್ತದೆ!

ಫಿಲ್ಟರ್ ಎಂದರೆ ಬರೀ ಕಸ ಸೋಸುವ ಸ್ಪಂಜು ಅಲ್ಲ. ಮುಖ್ಯ ಕೆಲಸ ಬ್ಯಾಕ್ಟೀರಿಯಾಗಳದ್ದು. ಅವು ರಂಧ್ರಗಳಿರುವ ಸೆರಾಮಿಕ್ ಕಲ್ಲುಗಳಲ್ಲಿ ನೆಲೆಸಿ, ಅಮೋನಿಯಾವನ್ನು ಮೊದಲು ನೈಟ್ರೈಟ್, ನಂತರ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾಡುತ್ತವೆ. ಅವು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಪಂಪ್ ಓಡುತ್ತಿರಲಿ, ಆಗಾಗ ಚಿಟಿಕೆ ಮೀನಿನ ಆಹಾರ ಹಾಕಿ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆಗೆ ಇಳಿದ ಮೇಲೆ ಒಂದೇ ಒಂದು ಮೀನು ತನ್ನಿ. ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಅಡುಗೆಯ ಉಪ್ಪು ಆಗದು. ಅಕ್ವೇರಿಯಂಗೆಂದೇ ಸಿಗುವ ಸಮುದ್ರದ ಉಪ್ಪನ್ನು ಆರ್.ಒ. ನೀರಿನಲ್ಲಿ ಕರಗಿಸಿ, ಹೈಡ್ರೋಮೀಟರ್ 1.025ರ ಆಸುಪಾಸು ತೋರಿಸಲಿ. ನೀರು ಆವಿಯಾದರೂ ಉಪ್ಪು ಉಳಿಯುವುದರಿಂದ, ಕಡಿಮೆಯಾದಷ್ಟು ಸಿಹಿನೀರನ್ನೇ ಸೇರಿಸಬೇಕು. ತೊಟ್ಟಿ 100 ಲೀಟರಿಗಿಂತ ಚಿಕ್ಕದಾದರೆ ಈ ಲೆಕ್ಕ ಬೇಗ ತಪ್ಪುತ್ತದೆ.

ಪ್ರೋಟೀನ್ ಸ್ಕಿಮ್ಮರ್ ನೀರಿನ ಕೊಳೆಯನ್ನು ನೊರೆಯ ರೂಪದಲ್ಲಿ ಹೊರಗೆಳೆಯುತ್ತದೆ. ಒಳ್ಳೆಯದೇ, ಆದರೆ ಒಂದೆರಡು ಮೀನುಗಳಿದ್ದರೆ ವಾರವಾರ ಸ್ವಲ್ಪ ನೀರು ಬದಲಿಸಿದರೂ ನಡೆಯುತ್ತದೆ. ಅಂಗಡಿಯವರು ಅಲಂಕಾರಕ್ಕೆ ಹವಳ ತೋರಿಸಿದರೆ ಬೇಡವೆನ್ನಿ. ಗಟ್ಟಿ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಆ ಹಣದಲ್ಲಿ ಬ್ಯಾಟರಿಯ ಏರ್ ಪಂಪ್ ಕೊಳ್ಳಿ. ರಾತ್ರಿ ಕರೆಂಟ್ ಹೋದರೆ ಮೀನಿನ ಉಸಿರಿಗೆ ಅದೇ ಆಸರೆ.