ಯಾವ ಸಾಲು ಅಕ್ಷರಶಃ, ಯಾವ ಸಾಲು ಬರೀ ಭಾವ?

2022ರ ಮೇ ಕೊನೆಯಲ್ಲಿ ನಾಸಿಕ್‌ನಲ್ಲಿ ಸಾಧುಸಂತರ ಸಭೆಯೊಂದು ಸೇರಿತ್ತು. ಹನುಮಂತ ಹುಟ್ಟಿದ್ದೆಲ್ಲಿ ಎಂಬುದು ಚರ್ಚೆ. ತ್ರ್ಯಂಬಕೇಶ್ವರದ ದಾರಿಯಲ್ಲಿರುವ ಅಂಜನೇರಿ ಬೆಟ್ಟದಲ್ಲಿ ಎಂದು ಅಲ್ಲಿನವರು; ಕೊಪ್ಪಳ ಜಿಲ್ಲೆಯ ಆನೆಗೊಂದಿ ಬಳಿಯ ಅಂಜನಾದ್ರಿಯಲ್ಲಿ ಎಂದು ಕಿಷ್ಕಿಂಧೆಯ ಕಡೆಯಿಂದ ಹೋದವರು. ಅದಕ್ಕೂ ಒಂದು ವರ್ಷ ಮೊದಲೇ ತಿರುಮಲದವರು ತಮ್ಮ ಬೆಟ್ಟದ ಪರವಾಗಿ ಹಕ್ಕು ಮಂಡಿಸಿದ್ದರು. ವಾಲ್ಮೀಕಿಯನ್ನು ಮುಂದಿಟ್ಟುಕೊಂಡು ಶುರುವಾದ ವಾದ ಯಾರು ಯಾವ ಆಸನದಲ್ಲಿ ಕೂರಬೇಕೆಂಬ ಜಗಳಕ್ಕೂ ಇಳಿಯಿತು. ತೀರ್ಮಾನವಿಲ್ಲದೆ ಸಭೆ ಮುರಿಯಿತು.

ಬೆಟ್ಟ ಯಾರದ್ದಾದರೂ ಆಗಲಿ. ನನ್ನನ್ನು ಕಾಡುವುದು ನಾವು ಓದುವ ರೀತಿ. ಗ್ರಂಥದಲ್ಲಿ ನಮ್ಮ ಊರಿಗೆ ಹಿರಿಮೆ ತರುವ ಮಾತಿದ್ದರೆ ಅದು ಅಕ್ಷರಶಃ ಸತ್ಯ. ಅದೇ ಗ್ರಂಥ ನಮ್ಮಿಂದ ಏನಾದರೂ ಕೇಳಿದರೆ, 'ಹಾಗೆ ನೇರವಾಗಿ ತಗೋಬಾರದು, ಅದರ ಒಳಾರ್ಥ ಬೇರೆ' ಎಂದು ಜಾರಿಕೊಳ್ಳುತ್ತೇವೆ.

ನಾಸಿಕ್‌ನದೇ ಪಂಚವಟಿಯಲ್ಲಿ ಕಾಳಾರಾಮ ಮಂದಿರವಿದೆ. 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರ್ ಮತ್ತು ದಾದಾಸಾಹೇಬ ಗಾಯಕವಾಡರ ಮುಂದಾಳತ್ವದಲ್ಲಿ ಸಾವಿರಾರು ದಲಿತರು ಅದರ ಬಾಗಿಲಿಗೆ ಬಂದರು. ಬಾಗಿಲು ತೆರೆಯಲಿಲ್ಲ. ರಾಮನವಮಿಯ ರಥವನ್ನು ಎರಡೂ ಕಡೆಯವರು ಸೇರಿ ಎಳೆಯುವುದೆಂದು ಮಾತಾಯಿತು. ಆ ಮಾತೂ ನಿಲ್ಲಲಿಲ್ಲ, ಕಲ್ಲುಗಳು ಬಿದ್ದವು. ಶಬರಿಯ ಎಂಜಲು ಹಣ್ಣನ್ನು ರಾಮ ತಿಂದ ಕಥೆ ಕೇಳುತ್ತಲೇ ಬೆಳೆದವರು ಆ ಬಾಗಿಲು ಹಾಕಿದ್ದರು. ಶಬರಿ ಅವರಿಗೆ ಭಕ್ತಿಯ ಸಂಕೇತ. ಮುಟ್ಟಬಾರದೆಂಬ ಕಟ್ಟಳೆ ಮಾತ್ರ ಸಂಕೇತವಾಗಿರಲಿಲ್ಲ.

ಐದು ವರ್ಷ ಕಾದ ಮೇಲೆ, 1935ರ ಅಕ್ಟೋಬರ್ 13ರಂದು ಅದೇ ಜಿಲ್ಲೆಯ ಯೇವಲಾದಲ್ಲಿ ಅಂಬೇಡ್ಕರ್ ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದರು. ಮರುವರ್ಷ ಲಾಹೋರ್‌ನ ಸಭೆಗೆಂದು ಬರೆದು, ಓದಲು ಅವಕಾಶವಾಗದೆ ಅವರೇ ಅಚ್ಚು ಹಾಕಿಸಿದ 'ಜಾತಿ ವಿನಾಶ' ಭಾಷಣದಲ್ಲಿ ಈ ಒಳಾರ್ಥದ ವಾದವನ್ನೇ ಎದುರಿಸಿದರು. ಶಾಸ್ತ್ರದ ನಿಜವಾದ ಅರ್ಥ ಬೇರೆಯೇ ಇದೆ ಎಂದು ಪಂಡಿತರು ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಜನ ಅದನ್ನು ಹೇಗೆ ತಿಳಿದುಕೊಂಡು ನಡೆಯುತ್ತಿದ್ದಾರೆ ಎಂಬುದೇ ಮುಖ್ಯ ಎಂದರು. ವಿವೇಕಕ್ಕೆ ಒಪ್ಪದ್ದನ್ನು ದೇವರ ಮಾತೆಂದು ಒಪ್ಪಬೇಕಿಲ್ಲ, ಧರ್ಮವನ್ನು ಅದರ ಶ್ರೇಷ್ಠರಿಂದ ಅಳೆಯಬೇಕು ಎಂದು ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಉತ್ತರಿಸಿದರು. ಗಾಂಧೀಜಿಯ ಮಾತು ಓದಲು ಹಿತ. ಆದರೆ ಮುಚ್ಚಿದ ಬಾಗಿಲಿನ ಹೊರಗೆ ನಿಂತವನಿಗೆ ಅದರಿಂದ ಏನು ಸಿಕ್ಕೀತು?

ಶ್ರೇಷ್ಠರ ಮಾತು ಬಂದರೆ ಪೈಠಣದ ಏಕನಾಥರು ನೆನಪಾಗಬೇಕು. ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಈ ಊರಿನಲ್ಲಿ 16ನೇ ಶತಮಾನದಲ್ಲಿ ಬಾಳಿದವರು. ಜ್ಞಾನೇಶ್ವರಿಯ ಪ್ರತಿಗಳಲ್ಲಿ ಪಾಠ ಕೆಟ್ಟುಹೋಗಿದ್ದನ್ನು ಕಂಡು, 1584ರಲ್ಲಿ ಅದನ್ನು ತಿದ್ದಿ ಶುದ್ಧಪಾಠ ಕೊಟ್ಟರು. ಅಕ್ಷರದ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿದ್ದವರು ತಮ್ಮ ರಾಮಾಯಣಕ್ಕೆ ಇಟ್ಟ ಹೆಸರು 'ಭಾವಾರ್ಥ ರಾಮಾಯಣ'. ಕಾಶಿಯಿಂದ ರಾಮೇಶ್ವರಕ್ಕೆಂದು ಹೊತ್ತು ತಂದ ಗಂಗೆಯನ್ನು, ಬಾಯಾರಿ ಬಿದ್ದಿದ್ದ ಕತ್ತೆಯ ಬಾಯಿಗೆ ಸುರಿದರೆಂದು ಜನ ಇಂದಿಗೂ ಹೇಳುತ್ತಾರೆ. ಎಲ್ಲ ಜೀವದಲ್ಲೂ ದೇವರಿದ್ದಾನೆ ಎಂಬ ಮಾತನ್ನು ಅವರು ಇದ್ದಹಾಗೇ ನಂಬಿದ್ದರು.

ಆದರೆ ಅಂಬೇಡ್ಕರ್ ಏಕನಾಥರನ್ನೂ ಸುಮ್ಮನೆ ಒಪ್ಪಲಿಲ್ಲ. ಏಕನಾಥರ ಬದುಕನ್ನು ಆಧರಿಸಿದ 'ಧರ್ಮಾತ್ಮಾ' ಸಿನಿಮಾ ಆಗಷ್ಟೇ ಬಂದಿತ್ತು. ಅದನ್ನು ಹೆಸರಿಸಿಯೇ, ಅಸ್ಪೃಶ್ಯರೊಡನೆ ಉಂಡದ್ದು ಜಾತಿಯ ವಿರೋಧದಿಂದಲ್ಲ, ಮೈಲಿಗೆಯನ್ನು ಗಂಗೆಯಲ್ಲಿ ತೊಳೆಯಬಹುದೆಂಬ ನಂಬಿಕೆಯಿಂದ ಎಂದು ಗಾಂಧೀಜಿಗೆ ಕೊಟ್ಟ ಮಾರುತ್ತರದಲ್ಲಿ ಬರೆದರು. ಸಂತರು ಹೇಳಿದ ಸಮಾನತೆ ದೇವರ ಮುಂದೆ, ಮನುಷ್ಯ ಮನುಷ್ಯರ ನಡುವೆ ಅಲ್ಲ ಎಂಬುದು ಅವರ ಆಕ್ಷೇಪ. ಏಕನಾಥರ ಮಟ್ಟಿಗೆ ಇದು ತುಸು ಕಠಿಣವಾಯಿತು ಎಂದೇ ನನಗನ್ನಿಸುತ್ತದೆ. ಅವರ ಹೆಸರು ಹೇಳಿಕೊಂಡು ಕೈಮುಗಿದು ಮನೆಗೆ ಹೋಗುವ ನಮ್ಮ ಮಟ್ಟಿಗೆ ಇದರಲ್ಲಿ ಒಂದಕ್ಷರವೂ ತಪ್ಪಿಲ್ಲ.

ಇದೆಲ್ಲ ಮರಾಠಿ ನಾಡಿನ ಸಂಗತಿಯೆಂದು ಪಕ್ಕಕ್ಕಿಡುವಂತಿಲ್ಲ. ಮರಾಠಿಯಲ್ಲಿ ಗುರುಚರಿತ್ರೆ ಬರೆದ ಸರಸ್ವತಿ ಗಂಗಾಧರರ ಮನೆಮಾತು ಕನ್ನಡವೆಂದೇ ಪ್ರತೀತಿ. ಅದರ ಕಥೆ ನಡೆಯುವ ಗಾಣಗಾಪುರ ಕಲಬುರಗಿ ಜಿಲ್ಲೆಯದು. ದತ್ತ ಜಯಂತಿಗೆ ಮುಂಚೆ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಏಳು ದಿನದ ಪಾರಾಯಣ ಕೂರುತ್ತದೆ. ಮಡಿಯುಟ್ಟು, ಮಣೆ ಹಾಕಿ, ಆರದಂತೆ ದೀಪ ಕಾಯ್ದು, ದಿನಕ್ಕಿಷ್ಟು ಅಧ್ಯಾಯವೆಂದು ಲೆಕ್ಕ ಹಿಡಿದು ಓದುತ್ತಾರೆ. ಪತಿವ್ರತೆ ಹೇಗಿರಬೇಕು, ವಿಧವೆ ಹೇಗಿರಬೇಕು ಎಂಬ ಅಧ್ಯಾಯಗಳೂ ಅದೇ ಓಟದಲ್ಲಿ ದಾಟಿಹೋಗುತ್ತವೆ. ಆ ಸಾಲುಗಳ ಬಗ್ಗೆ ಕೇಳಿದರೆ 'ಅದು ಆ ಕಾಲದ್ದು' ಎನ್ನುವವರೇ, ಹೆಂಗಸರು ಈ ಪುಸ್ತಕ ಓದಬಾರದೆಂಬ ಕಟ್ಟುಪಾಡನ್ನು ತಪ್ಪದೆ ಪಾಲಿಸುವುದುಂಟು.

ಓದಿದ್ದನ್ನು ಪ್ರಶ್ನಿಸುವುದಕ್ಕೆ ಮಾದರಿಗಳಿವೆ. 1950ರಲ್ಲಿ ಈಗಿನ ಸಂಭಾಜಿನಗರದಲ್ಲಿ ಅಂಬೇಡ್ಕರ್ ತೆರೆದ ಕಾಲೇಜಿಗೆ ಮಿಲಿಂದನ ಹೆಸರಿದೆ. ಭಿಕ್ಷು ನಾಗಸೇನನಿಗೆ ಒಂದರ ಮೇಲೊಂದು ಪ್ರಶ್ನೆ ಹಾಕಿದ ರಾಜನವನು. ಒಬ್ಬರು ಪದ್ಯ ಹಾಡಿ ನಿಲ್ಲಿಸಿದಾಗ ಇನ್ನೊಬ್ಬರು ಅರ್ಥ ಬಿಡಿಸುವ ಗಮಕದ ರೂಢಿ ನಮ್ಮಲ್ಲೂ ಇದೆ. ಈ ಸಲದ ಸಪ್ತಾಹದಲ್ಲಿ ಮಂಗಳಾರತಿಯಾದ ಮೇಲೆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಡುವ ಮುನ್ನ ಅರ್ಧ ಗಂಟೆ ತೆರೆದೇ ಇಡಬಹುದು. ಆ ದಿನ ಓದಿದ್ದರಲ್ಲಿ ಯಾವ ಮಾತನ್ನು ಈ ಮನೆ ನಡೆಸುತ್ತಿದೆ, ಯಾವುದನ್ನು ಬಿಟ್ಟಿದೆ, ಅದನ್ನೇ ಏಕೆ ಬಿಟ್ಟಿತು ಎಂದು ಕೇಳಬಹುದು. ಮೊದಲ ಪ್ರಶ್ನೆ ಏಳು ದಿನವೂ ನೈವೇದ್ಯಕ್ಕೆ ಬೇಯಿಸಿದ ಸೊಸೆಯದಾಗಿರಲಿ.