ಅಜ್ಜಿಯನ್ನು ಕೆಳಗೆ ಕೂರಿಸಬೇಡಿ

ವಿಜಯಪುರಕ್ಕೆ ಬರುವ ಹೆಚ್ಚಿನ ಕುಟುಂಬಗಳು ಗೋಳಗುಮ್ಮಟ ನೋಡಿ ಸಂಜೆಗೇ ಬಸ್ಸು ಹತ್ತುತ್ತವೆ. ಅಲ್ಲಿ ಏಳು ಅಂತಸ್ತಿನ ಇಕ್ಕಟ್ಟಾದ ಮೆಟ್ಟಿಲು. ಮಕ್ಕಳು ಮೇಲೆ ಕೂಗಿ ಮಾರ್ದನಿ ಕೇಳುತ್ತಿದ್ದರೆ, ಮಂಡಿನೋವಿನ ಅಜ್ಜಿ, ಕೂಸು ಎತ್ತಿಕೊಂಡ ಸೊಸೆ ಕೆಳಗೆ ಚೀಲ ಕಾಯುತ್ತಿರುತ್ತಾರೆ. ಪ್ರವಾಸ ಅವರದೂ ಹೌದಲ್ಲವೇ?

ಒಂದು ದಿನ ಹೆಚ್ಚು ಉಳಿಯಿರಿ. ಗಾಂಧಿ ಚೌಕದ ಸಮೀಪವೇ ಬಾರಾ ಕಮಾನ್ ಇದೆ. 1672ರಲ್ಲಿ ತೀರಿಕೊಂಡ ಎರಡನೇ ಅಲಿ ಆದಿಲ್ ಶಾಹನ ಗೋರಿ, ಮೇಲೆ ಗುಮ್ಮಟವೇ ಇಲ್ಲ.

ಊರಿನ ಪಶ್ಚಿಮಕ್ಕೆ ಇಬ್ರಾಹೀಂ ರೋಜಾ. ನನಗಂತೂ ಗೋಳಗುಮ್ಮಟಕ್ಕಿಂತ ಇದೇ ಇಷ್ಟ. ಎರಡನೇ ಇಬ್ರಾಹೀಂ ಆದಿಲ್ ಶಾಹನ ಜೊತೆ ರಾಣಿ ತಾಜ್ ಸುಲ್ತಾನಾ ಇಲ್ಲೇ ಮಲಗಿದ್ದಾರೆ. ಕೆಲವೇ ಮೆಟ್ಟಿಲು ಹತ್ತಿದರೆ ಒಂದೇ ಜಗಲಿಯ ಮೇಲೆ ಗೋರಿ, ಮಸೀದಿ ಎದುರುಬದುರು. ಗೋಡೆಯ ಕಲ್ಲಕ್ಷರಗಳನ್ನು ಅಜ್ಜಿ ನಿಧಾನವಾಗಿ ನೋಡಬಹುದು. ಊರಿಗೆ ನೀರುಣಿಸಿದ ತಾಜ್ ಬಾವಡಿಯೂ ಆ ರಾಣಿಯ ಹೆಸರಿನದೇ.