ಸಂಘದ ದಾಖಲೆಗೆ ಯಾವ ಮನೆ: ಕಂಟೇನರೋ, ವರ್ಚುವಲ್ ಮಷಿನೋ?



ಕಳೆದ ರಾಜ್ಯೋತ್ಸವದ ಪ್ರತಿಭಾ ಪುರಸ್ಕಾರದ ದಿನ ಅಕ್ಕಲಕೋಟೆಯಲ್ಲಿ ನಡೆದದ್ದು ಹಲವರಿಗೆ ನೆನಪಿರಬಹುದು. ದುಧನಿ ಕಡೆಯಿಂದ ತಂದೆಯೊಂದಿಗೆ ಎಸ್.ಟಿ. ಬಸ್ಸಿನಲ್ಲಿ ಬಂದಿದ್ದ ವಿದ್ಯಾರ್ಥಿನಿಯೊಬ್ಬಳ ಹೆಸರು ನಮ್ಮ ಯಾದಿಯಲ್ಲಿ ಇರಲಿಲ್ಲ. ಆಕೆ ಆನ್‌ಲೈನ್ ಅರ್ಜಿ ತುಂಬಿದ್ದಳು, ಫೋನಿಗೆ ಸ್ವೀಕೃತಿಯೂ ಬಂದಿತ್ತು. ಆದರೂ ಪ್ರಮಾಣಪತ್ರ ಸಿದ್ಧವಿರಲಿಲ್ಲ. ವೇದಿಕೆಗೆ ಕರೆದು ಶಾಲು ಹೊದಿಸಿದೆವು, ಪ್ರಮಾಣಪತ್ರವನ್ನು ಆಮೇಲೆ ಮನೆಗೆ ತಲುಪಿಸಿದೆವು. ಆದರೆ ಆ ತಂದೆಯ ಮುಖ ನೋಡಿ ನಮಗೆ ನಾಚಿಕೆಯಾದದ್ದು ನಿಜ.

ತಪ್ಪು ನಮ್ಮದೇ. ಸಂಘದ ಜಾಲತಾಣವನ್ನು ನೋಡಿಕೊಳ್ಳುವ ಯುವ ಮಿತ್ರರು ತಾಣವನ್ನೂ ಅದರ ಹಿಂದಿನ ಡೇಟಾಬೇಸನ್ನೂ ಹೊಸದಾಗಿ ಕಂಟೇನರಿಗೆ ಹಾಕಿದ್ದರು. ಮೂರು ದಿನಗಳ ನಂತರ ಸಣ್ಣ ತಿದ್ದುಪಡಿಗಾಗಿ ಹಳೆಯ ಕಂಟೇನರನ್ನು ಸಮೂಲ ಅಳಿಸಿ ಹೊಸದನ್ನು ನಿಲ್ಲಿಸಿದರು. ದಾಖಲೆಗಳನ್ನು ಹೊರಗಿನ ಡಿಸ್ಕಿಗೆ ಜೋಡಿಸುವುದು ಮರೆತುಹೋಗಿತ್ತು. ಆ ಮೂರು ದಿನಗಳ ಅರ್ಜಿಗಳು ಕಂಟೇನರಿನ ಜೊತೆಗೇ ಹೋದವು. ಅಂದಿನಿಂದ ಕಾರ್ಯಕಾರಿ ಸಮಿತಿಯಲ್ಲಿ ಒಂದೇ ಚರ್ಚೆ: ಡೇಟಾಬೇಸನ್ನು ಕಂಟೇನರಿನಲ್ಲಿ ಇಡಬೇಕೋ, ವರ್ಚುವಲ್ ಮಷಿನಿನಲ್ಲಿ ಇಡಬೇಕೋ? ನಮ್ಮಂಥ ಹಳೆಯ ಗುಮಾಸ್ತರಿಗೂ ತಿಳಿಯುವ ಹಾಗೆ ವಿಷಯವನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸಿದ್ದೇವೆ.

ವರ್ಚುವಲ್ ಮಷಿನ್ ಎಂದರೆ ದೊಡ್ಡ ವಾಡೆಯೊಂದನ್ನು ಪಾಲು ಮಾಡಿ, ಪ್ರತಿ ಪಾಲಿಗೂ ಪ್ರತ್ಯೇಕ ಬಾಗಿಲು, ಅಡುಗೆಮನೆ, ನೀರಿನ ವ್ಯವಸ್ಥೆ ಮಾಡಿಕೊಟ್ಟಂತೆ. ಒಂದೇ ಯಂತ್ರದಲ್ಲಿ ಹಲವು ಮನೆಗಳು. ಪ್ರತಿ ಮನೆಗೂ ತನ್ನದೇ ಆಪರೇಟಿಂಗ್ ಸಿಸ್ಟಮ್. ಕಂಟೇನರ್ ಎಂದರೆ ನಮ್ಮ ಅಕ್ಕಲಕೋಟೆಯ ಭಕ್ತನಿವಾಸದ ಕೋಣೆಯಂತೆ. ಕೋಣೆ ಬೇರೆ ಬೇರೆ, ಆದರೆ ಅಡುಗೆಮನೆ ಎಲ್ಲರಿಗೂ ಒಂದೇ. ಇಲ್ಲಿ ಆ ಅಡುಗೆಮನೆಯೇ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್. ಖರ್ಚು ಕಡಿಮೆ, ಕೋಣೆ ಕ್ಷಣದಲ್ಲಿ ಸಿದ್ಧ. ಯಾತ್ರಿಕರು ಹೋದೊಡನೆ ಗುಡಿಸಿ ಸ್ವಚ್ಛ ಮಾಡುತ್ತಾರೆ. ಅದೇ ಅದರ ಗುಣ, ಅದೇ ಅದರ ಅಪಾಯ. ಬಿಟ್ಟುಹೋದ ಗಂಟನ್ನು ಲಾಕರಿನಲ್ಲಿ ಇಟ್ಟಿದ್ದರೆ ಮಾತ್ರ ಉಳಿಯುತ್ತದೆ. ಆ ಲಾಕರಿಗೆ ಇವರ ಭಾಷೆಯಲ್ಲಿ ವಾಲ್ಯೂಮ್ ಎನ್ನುತ್ತಾರೆ.

ಜಾಲತಾಣದ ಪುಟ ತೋರಿಸುವ ತಂತ್ರಾಂಶ ಇಂಥ ಯಾತ್ರಿಕನೇ. ಇವತ್ತು ಹೋಗಿ ನಾಳೆ ಹೊಸದು ಬಂದರೂ ನಷ್ಟವಿಲ್ಲ. ಡೇಟಾಬೇಸ್ ಹಾಗಲ್ಲ. ಅಂಗಡಿಯಲ್ಲಿ ಮೊದಲು ಕೀರ್ದಿ ಬರೆದು, ಆಮೇಲೆ ಖತಾವಣಿಗೆ ಏರಿಸುವ ಪದ್ಧತಿ ತಮಗೆ ಗೊತ್ತು. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಮಾಡುವುದೂ ಅದನ್ನೇ. ಪ್ರತಿ ಬದಲಾವಣೆಯನ್ನು ಮೊದಲು ಲಾಗ್ ಎಂಬ ಕೀರ್ದಿಯಲ್ಲಿ ಬರೆದು, ಅದು ಡಿಸ್ಕಿನ ಮೇಲೆ ನಿಂತಿತೆಂದು ಖಚಿತವಾದ ಮೇಲೆಯೇ 'ಆಯಿತು' ಎನ್ನುತ್ತದೆ. ನಡುವೆ ಕರೆಂಟ್ ಹೋದರೂ ಕೀರ್ದಿ ನೋಡಿ ಖತಾವಣಿ ಸರಿಮಾಡಿಕೊಳ್ಳುತ್ತದೆ. ಆದರೆ ಕೀರ್ದಿ, ಖತಾವಣಿ ಎರಡನ್ನೂ ಒಟ್ಟಿಗೆ ಎಸೆದರೆ ಯಾವ ಗುಮಾಸ್ತ ತಾನೇ ಏನು ಮಾಡಬಲ್ಲ?

ಹಾಗೆಂದು ಕಂಟೇನರಿನಲ್ಲಿ ಡೇಟಾಬೇಸ್ ಇಡುವುದೇ ತಪ್ಪು ಎಂದರೆ ಯುವಕರಿಗೆ ಅನ್ಯಾಯವಾದೀತು. ಡಾಕರ್ ಬಂದದ್ದು 2013ರಲ್ಲಿ, ಗೂಗಲ್ ಕುಬರ್ನೆಟೀಸನ್ನು ಹೊರತಂದದ್ದು 2014ರಲ್ಲಿ. ಆ ಮೊದಲ ವರ್ಷಗಳಲ್ಲಿ ಅಲ್ಲಿ ಡೇಟಾಬೇಸ್ ಇಡಬೇಡಿ ಎಂದೇ ಬಲ್ಲವರು ಹೇಳುತ್ತಿದ್ದರು. 2017ರ ಕೊನೆಗೆ ಕುಬರ್ನೆಟೀಸ್‌ನಲ್ಲಿ ಪ್ರತಿ ಡೇಟಾಬೇಸಿಗೂ ಕಾಯಂ ಹೆಸರು, ಕಾಯಂ ಡಿಸ್ಕು ಕೊಡುವ ಏರ್ಪಾಡು ಪಕ್ಕಾ ಆಯಿತು. ಯೂಟ್ಯೂಬಿಗಾಗಿ ಕಟ್ಟಿದ ವಿಟೆಸ್ ಎಂಬ ಡೇಟಾಬೇಸ್ ವ್ಯವಸ್ಥೆ ಗೂಗಲಿನ ಕಂಟೇನರುಗಳಲ್ಲೇ ಓಡಿತು. ಅಂದರೆ ಆಗದ ಕೆಲಸವಲ್ಲ. ಆದರೆ ಅಂಥ ಕಡೆ ಹಗಲು ರಾತ್ರಿ ಪಾಳಿಯಲ್ಲಿ ನೋಡಿಕೊಳ್ಳುವ ಜನರಿರುತ್ತಾರೆ. ನಮ್ಮಲ್ಲಿ ಇಬ್ಬರು ಹುಡುಗರು, ಅವರೂ ನೌಕರಿ ಮುಗಿಸಿ ರಾತ್ರಿ ಕೂರುವವರು. ಒಬ್ಬರಿಗೆ ನಾಳೆ ಪುಣೆಗೆ ವರ್ಗವಾದರೆ ಇನ್ನೊಬ್ಬರೇ ಗತಿ.

ನಮ್ಮ ಭಾಷೆಗೆ ಸಂಬಂಧಿಸಿದ ಇನ್ನೊಂದು ತೊಡಕಿದೆ. ಗಡಿಯ ಆ ಕಡೆ 'ಬಿರಾದಾರ' ಎನಿಸಿಕೊಳ್ಳುವವರು ಈ ಕಡೆ 'ಬಿರಾಜದಾರ'. ಒಂದೇ ಹೆಸರನ್ನು ಕನ್ನಡದಲ್ಲೊಮ್ಮೆ, ಮರಾಠಿ ಶಾಲಾ ದಾಖಲೆಯಂತೆ ದೇವನಾಗರಿಯಲ್ಲೊಮ್ಮೆ ಬರೆದುಕೊಂಡಿದ್ದೇವೆ. ಇವನ್ನೆಲ್ಲ ಡೇಟಾಬೇಸ್ ಅಕ್ಷರಾನುಕ್ರಮದಲ್ಲಿ ಜೋಡಿಸಿ, ಬೇಗ ಹುಡುಕಲು ಒಂದು ಸೂಚಿ ಮಾಡಿಟ್ಟುಕೊಳ್ಳುತ್ತದೆ. ಯಾವ ಅಕ್ಷರದ ನಂತರ ಯಾವುದು ಎಂಬ ನಿಯಮವನ್ನು ಅದು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮಿನ ಗ್ರಂಥಾಲಯದಿಂದ ಪಡೆಯುತ್ತದೆ. 2018ರಲ್ಲಿ ಲಿನಕ್ಸಿನ ಜಿಲಿಬ್‌ಸಿ 2.28ನೇ ಆವೃತ್ತಿ ಬಂದಾಗ ಈ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಬದಲಾದವು. ಹಳೆಯ ಕ್ರಮದಲ್ಲಿ ಮಾಡಿದ ಸೂಚಿಯನ್ನು ಹೊಸ ಕ್ರಮದಲ್ಲಿ ಓದಿದರೆ, ಇರುವ ಹೆಸರೂ 'ಇಲ್ಲ' ಎಂದು ಬರಬಹುದು, ಒಂದೇ ಹೆಸರು ಎರಡು ಬಾರಿ ಸೇರಬಹುದು. ಆಗ ಸೂಚಿಯನ್ನು ಹೊಸದಾಗಿ ಕಟ್ಟಬೇಕು. ಕಂಟೇನರ್ ಈ ಗ್ರಂಥಾಲಯವನ್ನು ತನ್ನೊಳಗೇ ಹೊತ್ತು ತರುವುದರಿಂದ, ಒಂದು ಸಾಲು ಬದಲಿಸಿದರೂ ನಿಯಮ ಸದ್ದಿಲ್ಲದೆ ಬದಲಾಗಬಹುದು. ವರ್ಚುವಲ್ ಮಷಿನಿನಲ್ಲಿಯೂ ಇದು ತಪ್ಪಿದ್ದಲ್ಲ. ಆದರೆ ಅಲ್ಲಿ ಆಪರೇಟಿಂಗ್ ಸಿಸ್ಟಮ್ ಬದಲಿಸುವುದು ದಿನ ಗೊತ್ತುಮಾಡಿ ಮಾಡುವ ಕೆಲಸ, ಕೈತಪ್ಪಿ ಆಗುವಂಥದಲ್ಲ.

ಹಾಗೆಯೇ 2025ರ ಸೆಪ್ಟೆಂಬರಿನಲ್ಲಿ ಪೋಸ್ಟ್‌ಗ್ರೆಸ್ 18 ಬಂದಾಗ, ಅದರ ಡಾಕರ್ ಪ್ರತಿಯಲ್ಲಿ ದಾಖಲೆ ಇಡುವ ಜಾಗದ ವಿಳಾಸವೇ ಬದಲಾಯಿತು. ಸೂಚನೆ ಓದಿದವರಿಗೆ ತೊಂದರೆಯಿಲ್ಲ. ಓದದೆ ಆವೃತ್ತಿ ಸಂಖ್ಯೆಯನ್ನಷ್ಟೇ ಬದಲಿಸಿದವರು ಸಿಕ್ಕಿಹಾಕಿಕೊಳ್ಳುವುದು ಖಂಡಿತ.

'ವರ್ಚುವಲ್ ಮಷಿನ್ ದುಬಾರಿಯಲ್ಲವೇ?' ಎಂದು ಖಜಾಂಚಿಯವರು ಕೇಳಿದ್ದಾರೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್‌ಅನ್ನು ಕೊಂಡಿತು. ಮುಂದಿನ ತಿಂಗಳೇ ಒಮ್ಮೆ ಹಣ ಕಟ್ಟಿ ಕಾಯಂ ಪರವಾನಗಿ ಪಡೆಯುವ ಪದ್ಧತಿಯನ್ನು ನಿಲ್ಲಿಸಿತು. ಖರ್ಚು ಏರಿತೆಂದು ದೊಡ್ಡ ಕಂಪನಿಗಳು ಬೇರೆ ದಾರಿ ಹುಡುಕತೊಡಗಿದ್ದು ನಿಜ. ಆದರೆ ಆ ಬಿಸಿ ನಮಗೆ ತಟ್ಟುವುದಿಲ್ಲ. ಲಿನಕ್ಸಿನಲ್ಲಿ ಕೆವಿಎಂ ಎಂಬ ಉಚಿತ ವ್ಯವಸ್ಥೆ 2007ರಿಂದಲೇ ಇದೆ. ನಮ್ಮ ಸದಸ್ಯರ ಯಾದಿ, ಗ್ರಂಥಾಲಯದ ಪುಸ್ತಕಗಳ ಪಟ್ಟಿ, ಮಕ್ಕಳ ಅರ್ಜಿ ಇವಿಷ್ಟಕ್ಕೆ ಸಣ್ಣದೊಂದು ಮಷಿನ್ ಸಾಕು. ಕಂಟೇನರಿನಿಂದ ಆಗುವ ಉಳಿತಾಯ ನಮ್ಮ ಲೆಕ್ಕದಲ್ಲಿ ಚಹಾದ ಖರ್ಚಿಗೂ ಸಮನಾಗದು.

ಆದರೆ ಮುಖ್ಯ ಮಾತು ಬೇರೆಯೇ ಇದೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ದಾಖಲೆ ಸುಟ್ಟುಹೋಯಿತು. ಹೊರಗೆ ಬ್ಯಾಕಪ್ ಇರಲಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ರಾತ್ರಿ ಬೇರೆ ಸರ್ವರೆಂದು ತಿಳಿದು ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಅಲ್ಲಿ ಬ್ಯಾಕಪ್ಪಿಗೆ ಹಲವು ಏರ್ಪಾಡುಗಳಿದ್ದವು, ಆದರೆ ನಂಬಿದ್ದವು ಕೈಕೊಟ್ಟವು. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ಪ್ರತಿ ಸಿಕ್ಕಿತು. ಈ ಎರಡರಲ್ಲೂ ಕಂಟೇನರೋ ಮಷಿನೋ ಎಂಬುದು ಪ್ರಶ್ನೆಯೇ ಆಗಿರಲಿಲ್ಲ. ಬ್ಯಾಕಪ್ ಇದೆ ಎನ್ನುವುದು ಬೇರೆ, ಅದನ್ನು ಮರಳಿ ತೆರೆದು ನೋಡಿದ್ದೇವೆ ಎನ್ನುವುದು ಬೇರೆ.

ಕಾನೂನಿನ ಮಾತೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಹೆಚ್ಚಿನ ಹೊಣೆಗಾರಿಕೆಗಳು 18 ತಿಂಗಳಲ್ಲಿ ಜಾರಿಗೆ ಬರುತ್ತವೆ. 18 ವರ್ಷದೊಳಗಿನ ಮಕ್ಕಳ ಮಾಹಿತಿ ಇಟ್ಟುಕೊಳ್ಳಲು ಪಾಲಕರ ಒಪ್ಪಿಗೆ ಬೇಕು. ಮಾಹಿತಿ ಸೋರಿದರೆ ಸಂಬಂಧಪಟ್ಟವರಿಗೆ ತಿಳಿಸಬೇಕು. ಮಕ್ಕಳ ಅಂಕಪಟ್ಟಿ, ಫೋನ್ ಸಂಖ್ಯೆ ಇಟ್ಟುಕೊಂಡಿರುವ ನಾವು ಈಗಿನಿಂದಲೇ ಎಚ್ಚರವಾಗಿರಬೇಕು.

ಇದೆಲ್ಲ ಯೋಚಿಸಿ ಮುಂದಿನ ಸರ್ವಸಾಧಾರಣ ಸಭೆಯ ಮುಂದೆ ನಾವು ಇಡುವ ಸಲಹೆ ಹೀಗಿದೆ. ಜಾಲತಾಣ ಮತ್ತು ಅರ್ಜಿ ನಮೂನೆಗಳು ಕಂಟೇನರಿನಲ್ಲೇ ಇರಲಿ, ಅದರಲ್ಲಿ ಯುವಕರ ಕೈ ಪಳಗಿದೆ. ಡೇಟಾಬೇಸ್ ಮಾತ್ರ ಪ್ರತ್ಯೇಕ ವರ್ಚುವಲ್ ಮಷಿನಿನಲ್ಲಿ ಇರಲಿ. ಪ್ರತಿ ರಾತ್ರಿ ಅದರ ಪ್ರತಿಯೊಂದು ಬೇರೆ ಊರಿನ ಸರ್ವರಿಗೆ ಹೋಗಲಿ. ಸೊಲ್ಲಾಪುರದಲ್ಲೇ ಎರಡೂ ಇದ್ದರೆ ಪ್ರಯೋಜನವಿಲ್ಲ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಖಾಲಿ ಮಷಿನಿನಲ್ಲಿ ತೆರೆದು, ಹತ್ತು ಹೆಸರುಗಳನ್ನು ಹುಡುಕಿ, ಸಿಕ್ಕಿದವು ಎಂದು ಕಾರ್ಯದರ್ಶಿ ರಜಿಸ್ಟರಿನಲ್ಲಿ ಸಹಿ ಮಾಡಬೇಕು. ಅರ್ಜಿಗಳ ಕೊನೆಯ ದಿನಾಂಕದ ಮರುದಿನ ಕಾಗದದ ಮೇಲೂ ಯಾದಿ ಮುದ್ರಿಸಿ ಕಪಾಟಿನಲ್ಲಿ ಇಡಬೇಕು. ನಾಳೆ ಕೈಗಳು ಹೆಚ್ಚಾದರೆ, ಅನುಭವ ಬಂದರೆ, ಡೇಟಾಬೇಸನ್ನೂ ಕಂಟೇನರಿಗೆ ಒಯ್ಯುವ ಬಗ್ಗೆ ಮತ್ತೆ ಕೂತು ಮಾತಾಡೋಣ.

ಯುವ ಮಿತ್ರರ ಮೇಲೆ ನಮಗೆ ಸಿಟ್ಟಿಲ್ಲ. ಸಂಬಳವಿಲ್ಲದೆ ರಾತ್ರಿ ಕೂತು ದುಡಿಯುವವರು ಅವರು. ಲಾಕರಿನ ಕೀಲಿ ಎಲ್ಲಿದೆ ಎಂದು ಕೇಳಬೇಕಾಗಿದ್ದ ಹಿರಿಯರು ನಾವು, ನಾವು ಕೇಳಲಿಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಮೈಂದರ್ಗಿ, ದುಧನಿ, ಜತ್ತ ಭಾಗದ ಸದಸ್ಯರಲ್ಲಿ ಸರ್ವರ್ ಕೆಲಸ ಬಲ್ಲ ಮಕ್ಕಳಿದ್ದರೆ ದಯವಿಟ್ಟು ಸಭೆಗೆ ಕಳಿಸಿಕೊಡಿ. ತಿಂಗಳಿಗೆ ಎರಡು ಸಂಜೆ ಕೊಟ್ಟರೆ ಸಾಕು. ತಮ್ಮ ಹೆಸರು, ಮಕ್ಕಳ ಹೆಸರು ಯಾದಿಯಲ್ಲಿ ಸರಿಯಾಗಿದೆಯೇ ಎಂದು ಆ ದಿನ ಎಲ್ಲರೂ ನೋಡಿಕೊಳ್ಳಬಹುದು. ಮುದ್ರಿತ ಪ್ರತಿ ಮೇಜಿನ ಮೇಲಿರುತ್ತದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ